ದೊಡ್ಡೋರಿಗೂ ಫ್ರೆಂಡ್ಸ್ ಹುಡುಕಿಕೊಡಬೇಕಾ?

ಊಟದ ಮೇಜಿನ ಮೇಲೆ ಹೆಸರಿನ ಚೀಟಿಗಳನ್ನು ಹರಡಿಕೊಂಡು ಬರೆಯುತ್ತಿದ್ದೆ. ಮಗಳು ಬಂದು ನೋಡಿದವಳೇ, “ಅಮ್ಮಾ, ದೊಡ್ಡೋರಿಗೂ ನೀನೇ ಫ್ರೆಂಡ್ಸ್ ಹುಡುಕಿಕೊಡಬೇಕಾ?” ಅಂದಳು. ಅವಳ ಲೆಕ್ಕದಲ್ಲಿ ಕ್ಲಾಸಿನಲ್ಲಿ ಪಕ್ಕ ಕೂತರೆ ಸಾಕು, ಸ್ನೇಹ ಆಗಿಹೋಗುತ್ತದೆ. ನಕ್ಕು ಸುಮ್ಮನಾದೆ. ಮಾತು ಮಾತ್ರ ತಲೆಯಲ್ಲೇ ಉಳಿಯಿತು.

ನಾನಿರುವುದು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಇಲ್ಲಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆ ಐ.ಸಿ.ಇ.ಯ (ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಎಂಜಿನಿಯರ್ಸ್) ಪರವಾಗಿ, ಈ ವೃತ್ತಿಗೆ ಹೊಸದಾಗಿ ಸೇರಿದವರನ್ನು ಒಂದೆಡೆ ಕೂಡಿಸುವ ಜವಾಬ್ದಾರಿ ಈ ವರ್ಷ ನನ್ನ ಪಾಲಿಗೆ ಬಂದಿದೆ. ಸಂಬಳವಿಲ್ಲ, ಇಮೇಲ್ ಮಾತ್ರ ಬೇಕಾದಷ್ಟು. ಕೂಟವನ್ನು ಗುರುವಾರವೇ ಇಟ್ಟುಕೊಳ್ಳಬೇಕು, ಶುಕ್ರವಾರ ಯಾರೂ ಬರುವುದಿಲ್ಲ. ಪುಕ್ಕಟೆ ಎಂದರೆ ಹೆಸರು ಕೊಟ್ಟವರಲ್ಲಿ ಅರ್ಧ ಜನ ನಾಪತ್ತೆ. ಐದು ಪೌಂಡು ಮುಂಗಡ ಇಸಿದುಕೊಂಡರೆ ಮಳೆಯಲ್ಲೂ ಹಾಜರು. ಚೀಟಿಯಲ್ಲಿ ಹೆಸರು ಮಾತ್ರ, ಹುದ್ದೆ ಬರೆಯುವಂತಿಲ್ಲ. ಸಮಿತಿಯವರು ಒಂದೇ ಕಡೆ ಗುಂಪು ಕಟ್ಟಿ ನಿಲ್ಲುವಂತಿಲ್ಲ, ಒಂಟಿಯಾಗಿ ಫೋನ್ ನೋಡುತ್ತಿರುವವರನ್ನು ಹುಡುಕಿ ಮಾತಾಡಿಸಬೇಕು.

ಈ ಸಲ ಸ್ಕಿಟಲ್ಸ್ ಎಂಬ ಆಟ ಇಟ್ಟಿದ್ದೆವು. ಈ ಸೀಮೆಯ ಹಳೆಯ ಪಬ್‌ಗಳ ಹಿಂಬದಿಯಲ್ಲಿ ಅದಕ್ಕೆಂದೇ ಉದ್ದನೆಯ ಜಾಗವಿರುತ್ತದೆ. ಒಂಬತ್ತು ಮರದ ಗೂಟ, ಚೆಂಡು ಉರುಳಿಸಿ ಬೀಳಿಸುವುದು. ಬಿದ್ದ ಗೂಟಗಳನ್ನು ಎತ್ತಿ ನಿಲ್ಲಿಸಲು ಆ ತುದಿಯಲ್ಲಿ ಒಬ್ಬರು ಬೇಕು. ಇಲ್ಲೇ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದ ದಾವಣಗೆರೆಯ ಹುಡುಗನೊಬ್ಬ ಬಂದಿದ್ದ. ಯಾರೂ ಹೇಳದೆ ಸೀದಾ ಆ ತುದಿಗೆ ಹೋಗಿ ನಿಂತ. ಎರಡು ಆಟ ಮುಗಿದರೂ ಅಲ್ಲೇ. ಕರೆದರೆ, “ಇರ್ಲಿ ಮೇಡಂ, ನಾನು ಚಿಕ್ಕೋನು. ಅವರು ಆಡ್ಲಿ” ಅಂದ.

ನಿವೃತ್ತಿಯ ಅಂಚಿನಲ್ಲಿರುವ ಹಿರಿಯ ಎಂಜಿನಿಯರೊಬ್ಬರು ಇದನ್ನು ಗಮನಿಸಿದರೋ ಏನೋ, ತಾವೇ ಹೋಗಿ ಅವನ ಕೈಗೆ ಚೆಂಡು ಕೊಟ್ಟು ಮೊಣಕಾಲೂರಿ ಗೂಟ ನಿಲ್ಲಿಸತೊಡಗಿದರು. ಹುಡುಗನಿಗೆ ಎಷ್ಟು ಮುಜುಗರವಾಯಿತೆಂದರೆ ಮೊದಲ ಚೆಂಡು ಗೋಡೆಗೆ ಹೋಯಿತು.

ಅವನ ಮಾತು ನನಗೆ ಅರ್ಥವಾಗಿತ್ತು. ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ ನಮ್ಮೂರ ಸಂಘದಲ್ಲಿ ನಾವು ಕಿರಿಯರು ಮಾಡುತ್ತಿದ್ದದ್ದೂ ಅದನ್ನೇ. ಕುರ್ಚಿ ಹಾಕು, ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ತಾ, ವೇದಿಕೆ ಮೇಲಿನವರಿಗೆ ನೀರು ಕೊಡು. ಹುಡುಗಿಯರಾದರೆ ಪ್ರಾರ್ಥನೆ, ಆರತಿ ತಟ್ಟೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ಮೂರು ತಾಸು ಭಾಷಣ. ನಿಜ ಹೇಳಬೇಕೆಂದರೆ, ಊಟ ಬಡಿಸಿ ಕೊನೇ ಪಂಕ್ತಿಯಲ್ಲಿ ನಾವು ನಾವೇ ಕೂತಾಗಿನ ಹರಟೆಯಂಥದ್ದು ಇಲ್ಲಿ ಇನ್ನೂ ಸಿಕ್ಕಿಲ್ಲ. ಅದಕ್ಕೆ ಮುಂಗಡವೂ ಬೇಕಿರಲಿಲ್ಲ, ಚೀಟಿಯೂ ಬೇಕಿರಲಿಲ್ಲ. ಆದರೆ ಸೇತುವೆ ಕಟ್ಟಿದವರ ಹತ್ತಿರ ಕೂತು, “ಸಾರ್, ಆವತ್ತು ಅಡಿಪಾಯ ಯಾಕೆ ಕುಸಿಯಿತು?” ಅಂತ ಕೇಳುವ ಅವಕಾಶ ಆ ಇಡೀ ದಿನದಲ್ಲಿ ಒಮ್ಮೆಯೂ ಬರುತ್ತಿರಲಿಲ್ಲ.

ತಮಾಷೆಯೆಂದರೆ, ವಿಶ್ವೇಶ್ವರಯ್ಯನವರ ಹೆಸರಿನ ಜೊತೆ ಅಚ್ಚಾಗುತ್ತಿದ್ದ ‘ಎಂ.ಐ.ಸಿ.ಇ.’ ಇದೇ ಸಂಸ್ಥೆಯ ಸದಸ್ಯತ್ವ. 1818ರಲ್ಲಿ ಅದನ್ನು ಹುಟ್ಟುಹಾಕಿದ್ದು ಲಂಡನ್ನಿನ ಕಾಫಿ ಹೌಸೊಂದರಲ್ಲಿ ಸೇರಿದ ಕಿರಿಯ ಎಂಜಿನಿಯರುಗಳು. ಮುಂದಾಳು ಹೆನ್ರಿ ಪಾಮರ್‌ಗೆ ಆಗಿನ್ನೂ ಹರೆಯ. ಹೆಸರಾಂತ ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ ಅಧ್ಯಕ್ಷರಾಗಿ ಬಂದದ್ದು ಆಮೇಲೆ, 1820ರಲ್ಲಿ. ಅಂದರೆ ಹುಡುಗರು ಮೊದಲು ಸೇರಿದರು, ಆಮೇಲೆ ದೊಡ್ಡವರನ್ನು ಕರೆದರು.

ಈಗ ಊರಿನ ಸಂಘದ ಕಾರ್ಯದರ್ಶಿಯಾಗಿರುವ ನನ್ನ ಸಹಪಾಠಿಗೆ ಭಾನುವಾರ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಈ ಸಲ ಭಾಷಣ ಒಂದು ಕಡಿಮೆ ಮಾಡಿ, ಹುಡುಗರನ್ನೂ ಹಿರಿಯರನ್ನೂ ಒಂದು ಸಂಜೆ ಸುಮ್ಮನೆ ಕೂರಿಸಿ ನೋಡು ಎಂದೆ.

“ಐಡಿಯಾ ಚೆನ್ನಾಗಿದೆ ಕಣೇ. ಅಧ್ಯಕ್ಷರನ್ನ ಕೇಳಿ ನೋಡ್ತೀನಿ” ಅಂದ.

ಈಗ ಯಾರು ಅಧ್ಯಕ್ಷರು ಎಂದು ಕೇಳಿದೆ. ನಾನು ಊರು ಬಿಟ್ಟಾಗ ಇದ್ದವರೇ.