ಬಸ್ ಅಜ್ಜಿಯ ಕಾರ್ವೆಟ್

ನಮ್ಮ ಪಕ್ಕದ ಮನೆಯವರು ಅಮೆರಿಕದ ಲೂಯಿವಿಲ್‌ನಲ್ಲಿ ವರ್ಷಗಟ್ಟಲೆ ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ನನ್ನ ಮಗಳ ಬಾಯಲ್ಲಿ ಅವರು ‘ಬಸ್ ಅಜ್ಜಿ’. ಗಂಡ ತೀರಿಕೊಂಡು ಬಹಳ ಕಾಲವಾಗಿದೆ, ಮಗ ಟೆಕ್ಸಸ್‌ನಲ್ಲಿದ್ದಾನೆ. ಅಂಥವರು ಈ ಸಲ ಕೆಂಪು ಕಾರ್ವೆಟ್ ಸ್ಪೋರ್ಟ್ಸ್ ಕಾರು ಬುಕ್ ಮಾಡಿದರು. ಎಂಟು ಸಿಲಿಂಡರಿನ 6.2 ಲೀಟರ್ ಎಂಜಿನ್, ಎರಡೇ ಎರಡು ಸೀಟು. 2020ರ ಮಾಡೆಲ್‌ನಿಂದ ಈ ಕಾರಿಗೆ ಎಂಜಿನ್ ಸೀಟಿನ ಹಿಂದೆ ಇರುತ್ತೆ. “ಇಷ್ಟು ವರ್ಷ ಬೆನ್ನ ಹಿಂದೆ ಮಕ್ಕಳ ಗಲಾಟೆ ಕೇಳಿದ್ದಾಯ್ತು, ಇನ್ನು ಎಂಜಿನ್ ಒಂದೇ ಗಲಾಟೆ ಮಾಡಲಿ” ಅಂದರು.

ಬಣ್ಣ, ಸೀಟು, ಚಕ್ರ ಎಲ್ಲ ಒಂದೇ ಸಂಜೆಯಲ್ಲಿ ತೀರ್ಮಾನವಾಯಿತು. ಗಾಡಿಯನ್ನು ಎಲ್ಲಿ ಬಿಡಿಸಿಕೊಳ್ಳೋದು ಅನ್ನೋದು ಮಾತ್ರ ಎಳೆದೂ ಎಳೆದೂ ಸಾಕಾಯಿತು. ಡೀಲರ್ ಅಂಗಡಿ ಮನೆಯಿಂದ ಹತ್ತು ನಿಮಿಷ. ಕಾರ್ಖಾನೆಯಿಂದ ಲಾರಿಯಲ್ಲಿ ಬರುತ್ತೆ, ಅವರು ಪ್ಲಾಸ್ಟಿಕ್ ಕಿತ್ತು, ತೊಳೆದು, ಕೀ ಕೊಟ್ಟು ಕಳಿಸುತ್ತಾರೆ. ಇನ್ನೊಂದು ದಾರಿ ಇದೆ. ಈ ಕಾರು ತಯಾರಾಗೋದು ನಮ್ಮ ಕೆಂಟಕಿ ರಾಜ್ಯದ್ದೇ ಬೌಲಿಂಗ್ ಗ್ರೀನ್ ಊರಲ್ಲಿ, 1981ರಿಂದ ಅಲ್ಲೇ. ಕಾರ್ಖಾನೆಯ ಹತ್ತಿರವೇ 1994ರಲ್ಲಿ ಶುರುವಾದ ಕಾರ್ವೆಟ್ ಮ್ಯೂಸಿಯಂ ಇದೆ. ಆರ್ಡರ್ ಕೊಡುವಾಗಲೇ ‘ಆರ್‌8ಸಿ’ ಅಂತ ಒಂದು ಕೋಡ್ ಸೇರಿಸಿ, ಅದಕ್ಕೆ ಬೇರೆ ದುಡ್ಡು ಕಟ್ಟಿದರೆ ಕಾರು ಡೀಲರ್ ಅಂಗಡಿಗೆ ಹೋಗೋದಿಲ್ಲ, ಸೀದಾ ಮ್ಯೂಸಿಯಂಗೆ ಬರುತ್ತೆ. ಕಾಗದ ಪತ್ರವೆಲ್ಲ ಡೀಲರ್ ಹತ್ತಿರವೇ, ಕೀ ಮಾತ್ರ ಮ್ಯೂಸಿಯಂನಲ್ಲಿ. ಅಲ್ಲಿ ಒಳಗೆ ನಿಲ್ಲಿಸಿರುತ್ತಾರೆ, ಒಬ್ಬರು ಪಕ್ಕದಲ್ಲಿ ನಿಂತು ಪ್ರತಿ ಬಟನ್ನೂ ಹೇಳಿಕೊಡುತ್ತಾರೆ, ಆಮೇಲೆ ಕಟ್ಟಡದ ಒಳಗಿನಿಂದಲೇ ಓಡಿಸಿಕೊಂಡು ಹೊರಗೆ ಬರಬೇಕು.

ಮಗ ಫೋನಿನಲ್ಲೇ ಬೈದನಂತೆ. ಹತ್ತು ನಿಮಿಷದ ಕೆಲಸಕ್ಕೆ ಎರಡು ಗಂಟೆ ದೂರ ಹೋಗೋದ್ಯಾಕೆ, ದುಡ್ಡು ದಂಡ ಅಂತ. ಇವರು ಸುಮ್ಮನೆ ಕೇಳಿಸಿಕೊಂಡು, ಆರ್‌8ಸಿ ಹಾಕಿಸಿ, ನನ್ನ ಮನೆ ಬಾಗಿಲು ತಟ್ಟಿದರು. “ಹೋಗುವಾಗ ನಿನ್ನ ಕಾರಲ್ಲಿ ಕರ್ಕೊಂಡು ಹೋಗು. ಬರುವಾಗ ನನ್ನ ಹಿಂದೆ ಬಾ.”

ವಿಷಯ ಚಿಕ್ಕಮಗಳೂರಿಗೆ ತಲುಪಿದ ಕೂಡಲೇ ಅಮ್ಮನ ಪ್ರಶ್ನೆ: “ಆಷಾಢದಲ್ಲಿ ಯಾರಾದ್ರೂ ಗಾಡಿ ತರ್ತಾರೇನೆ?” ನಮ್ಮ ಕಡೆ ಆಷಾಢದಲ್ಲಿ ಶೋರೂಮಿನವರು ನೊಣ ಹೊಡೆಯುತ್ತಾ ಕೂತಿರುತ್ತಾರೆ. ಬಸ್ ಅಜ್ಜಿಗೆ ಹೇಳಿದೆ. “ಕಾರ್ಖಾನೆಯವರು ಅದಕ್ಕೆ ರಜ ಕೊಡಲ್ಲ ಅಂತ ನಿಮ್ಮಮ್ಮನಿಗೆ ಹೇಳು. ಆದ್ರೆ ಪರಿಹಾರ ಏನಾದ್ರೂ ಇದೆಯಾ ಕೇಳು” ಅಂದರು. ಪರಿಹಾರ ಇಲ್ಲದೆ ಇರುತ್ತಾ! ನಾಲ್ಕು ನಿಂಬೆಹಣ್ಣು, ಅರಿಶಿನ, ಕುಂಕುಮ, ಊದುಬತ್ತಿ ಚೀಲಕ್ಕೆ ಹಾಕಿಕೊಂಡೆ. ತೆಂಗಿನಕಾಯಿ ಮನೆಯಲ್ಲೇ ಬಿಟ್ಟೆ. ಚಿಪ್ಪು ಸಿಡಿದು ಯಾರದೋ ಹೊಸ ಕಾರಿನ ಬಣ್ಣ ಕಿತ್ತು ಬಂದರೆ ನಮ್ಮ ಮನೆ ಮಾರಬೇಕಾಗುತ್ತೆ.

ಮ್ಯೂಸಿಯಂನಲ್ಲಿ ಮಗಳಿಗೆ ಹಿಡಿಸಿದ್ದು ಗುಂಡಿಯ ಕಥೆ. ಆ ಸೀಮೆಯ ನೆಲದಡಿ ಪೂರಾ ಸುಣ್ಣಕಲ್ಲು, ನೀರು ಕೊರೆದು ಕೊರೆದು ಗುಹೆಗಳಾಗಿವೆ. 2014ರ ಫೆಬ್ರುವರಿ 12ರ ಬೆಳಗಿನ ಜಾವ ಮ್ಯೂಸಿಯಂನ ನೆಲವೇ ಕುಸಿದು ಎಂಟು ಕಾರ್ವೆಟ್‌ಗಳು ಒಳಗೆ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. “ಆವತ್ತು ನಿಂಬೆಹಣ್ಣು ಇಟ್ಟಿರಲಿಲ್ಲ ಅನ್ಸುತ್ತೆ” ಅಂದಳು ಮಗಳು.

ಕೆಂಪು ಕಾರು ಒಳಗಿನಿಂದ ಗುಡುಗುತ್ತಾ ಹೊರಗೆ ಬಂತು. ಅಜ್ಜಿ ಬಸ್ಸಿನವರ ಅಭ್ಯಾಸಕ್ಕೆ ಎಡ, ಬಲ, ಮತ್ತೆ ಎಡ ನೋಡಿ ಪಾರ್ಕಿಂಗ್ ಮೂಲೆಯಲ್ಲಿ ನಿಲ್ಲಿಸಿದರು. ನಾನು ಚೀಲ ಬಿಚ್ಚಿದೆ. ಕಾರು ಎಷ್ಟು ತಗ್ಗು ಅಂದ್ರೆ ನಿಂಬೆಹಣ್ಣಿಡೋಕೆ ನೆಲಕ್ಕೆ ಕೂರಬೇಕಾಯಿತು. ಕೆಂಪು ಬಣ್ಣದ ಮೇಲೆ ಕುಂಕುಮ ಕಾಣಿಸೋದಿಲ್ಲ ಅಂತ ಮೊದಲು ಅರಿಶಿನ ಕಲಸಿ ದುಂಡಗೆ ಹಚ್ಚಿದೆ. ಅದರ ಮೇಲೆ ಕುಂಕುಮ ಇಡೋಕೆ ಹೊರಟಾಗ ಅಜ್ಜಿ ಕೈ ಚಾಚಿದರು. “ಇಲ್ಲಿ ಕೊಡು, ನನ್ನ ಕಾರು, ನಾನು ಹಚ್ತೀನಿ.”

ಆಗ ಮಗಳು ಕನ್ನಡದಲ್ಲಿ ಕೇಳಿದಳು. “ಅಮ್ಮಾ, ಬಸ್ ಅಜ್ಜಿಗೂ ತಾತ ಇಲ್ವಲ್ಲ. ಅವರು ಕುಂಕುಮ ಹಚ್ಚಬಹುದಾ?”

ಅವಳು ಇದನ್ನು ಎಲ್ಲಿಂದ ಕಲಿತಳು ಅಂತ ನನಗೆ ಗೊತ್ತಿತ್ತು. ಕಳೆದ ಸಲ ಊರಿಗೆ ಹೋಗಿದ್ದಾಗ ಅಣ್ಣ ಹೊಸ ಕಾರು ತಗೊಂಡ. ಕಾಫಿಗೆ ರೇಟು ಬಂದ ಮೇಲೆ ನಮ್ಮ ಆಲ್ದೂರು ಕಡೆ ಮನೆಗೊಂದು ಹೊಸ ಗಾಡಿ ಬಂದಿದೆ, ಅದರಲ್ಲಿ ಇದೂ ಒಂದು. ಮುಂಗಡ ಕಟ್ಟಿದ್ದು ಅಮ್ಮ. ರೇಟು ಬರಲಿ ಅಂತ ಕೂಡಿಟ್ಟಿದ್ದ ಮೆಣಸಿನ ಮೂಟೆಗಳನ್ನು ಮಾರಿ ಕಟ್ಟಿದ್ದಳು. ಹಾಸನದ ಶೋರೂಮಿನಲ್ಲಿ ಕಾರಿಗೆ ಕೆಂಪು ಬಟ್ಟೆ ಹೊದಿಸಿದ್ದರು. ಕೇಕ್ ಇತ್ತು, ಮೊಳದುದ್ದದ ರಟ್ಟಿನ ಕೀ ಇತ್ತು, ಪುರೋಹಿತರೂ ಬಂದಿದ್ದರು. ಸೇಲ್ಸ್ ಹುಡುಗ ಪಾಪ ಒಳ್ಳೆ ಮನಸ್ಸಿನಿಂದ “ಅಮ್ಮಾ, ಮುಂದೆ ಬನ್ನಿ” ಅಂದ. ಅಮ್ಮ ಎರಡು ಹೆಜ್ಜೆ ಹಿಂದೆ ಹೋಗಿ ಅತ್ತಿಗೆಯನ್ನು ಮುಂದಕ್ಕೆ ತಳ್ಳಿದಳು. ಆರತಿ ಎತ್ತಿದ್ದು ಅತ್ತಿಗೆ, ಕುಂಕುಮ ಇಟ್ಟಿದ್ದು ಅತ್ತಿಗೆ. ಯಾರೂ ಅಮ್ಮನಿಗೆ ಹಿಂದೆ ನಿಲ್ಲು ಅನ್ನಲಿಲ್ಲ. ಬಾ ಅಂತ ಕೈ ಹಿಡಿದು ಎಳೆಯಲೂ ಇಲ್ಲ. ಮಗಳು ಕೇಳಿದ್ದಕ್ಕೆ ಅಮ್ಮನೇ “ತಾತ ಇಲ್ವಲ್ಲ ಪುಟ್ಟಿ, ನಾನು ಮುಟ್ಟಬಾರದು” ಅಂದಿದ್ದಳು, ಮಳೆ ಬರುತ್ತೆ ಕೊಡೆ ತಗೋ ಅನ್ನುವಷ್ಟೇ ಸಲೀಸಾಗಿ. ಆವತ್ತಿನ ಫೋಟೋದಲ್ಲಿ ಎಲ್ಲರೂ ಹಲ್ಲು ಬಿಟ್ಟುಕೊಂಡು ನಿಂತಿದ್ದೇವೆ. ಅಮ್ಮನದು ಕಂಬದ ಪಕ್ಕ ಸೆರಗಿನ ತುದಿ ಕಾಣುತ್ತೆ, ಅಷ್ಟೇ.

ಮನೆಗೆ ಬಂದ ಮೇಲಿನ ಕಥೆ ಇನ್ನೂ ಚೆನ್ನಾಗಿದೆ. ನಮ್ಮ ಕಾರ್ ಶೆಡ್ ಇಳಿಜಾರಿನಲ್ಲಿದೆ, ಒಂದು ಕಡೆ ಕಾಫಿ ಕಣ, ಇನ್ನೊಂದು ಕಡೆ ಚರಂಡಿ. ಅಣ್ಣ ರಿವರ್ಸ್ ಹಾಕಿ ಹಾಕಿ ಬೆವತುಹೋದ. ಕೊನೆಗೆ ಅಮ್ಮ “ಇಳಿ ಕೆಳಗೆ” ಅಂತ ಅವನನ್ನು ಇಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದೇ ಸಲಕ್ಕೆ ಒಳಗೆ ಹಾಕಿದಳು. ಅಪ್ಪ ಹೋದ ಮೇಲೆ ಹಳೇ ಜೀಪಿನಲ್ಲಿ ಗೊಬ್ಬರ ತಂದು, ಕಾಫಿ ಮೂಟೆ ಸಾಗಿಸಿ, ಕಾಯಿಲೆ ಬಿದ್ದ ಆಳುಗಳನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಮುಟ್ಟಿಸಿದ ಕೈ ಅದು. ಗಾಡಿ ಮುಟ್ಟಬಹುದು, ಗಾಡಿಗೆ ಕುಂಕುಮ ಮುಟ್ಟಿಸಬಾರದು. ಊರಲ್ಲಿದ್ದಾಗ ನನಗಿದು ವಿಚಿತ್ರ ಅನ್ನಿಸಿರಲೇ ಇಲ್ಲ.

“ಏನಂತೆ ಮಗೂದು?” ಅಂದರು ಅಜ್ಜಿ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ನಗಲಿಲ್ಲ, ನಮ್ಮ ಊರನ್ನು ಜರಿಯಲೂ ಇಲ್ಲ. “ನನ್ನ ಗಂಡ ಹೋದ ವರ್ಷ ಚರ್ಚಿನಲ್ಲಿ ಜೋಡಿಗಳ ಊಟಕ್ಕೆ ನನ್ನನ್ನ ಕರೆಯೋದು ಬಿಟ್ಟರು. ಯಾರೂ ಬರಬೇಡ ಅನ್ನಲಿಲ್ಲ, ಕರೀಲಿಲ್ಲ ಅಷ್ಟೇ” ಅಂದರು. ಆಮೇಲೆ ಬಟ್ಟಲಲ್ಲಿ ಬೆರಳದ್ದಿ, ಅರಿಶಿನದ ಮೇಲೆ ದಪ್ಪಗೆ ಕುಂಕುಮ ಇಟ್ಟರು. ಬೆರಳಲ್ಲಿ ಉಳಿದದ್ದನ್ನು ಮಗಳ ಹಣೆಗೂ ಒರೆಸಿದರು. ಅಮೆರಿಕ ಅಂದರೆ ಇಂಥದ್ದೆಲ್ಲ ಇಲ್ಲದ ಸೀಮೆ ಅಂದುಕೊಂಡಿದ್ದ ನಾನು ಮಾತಿಲ್ಲದೆ ಊದುಬತ್ತಿ ಹಚ್ಚಿದೆ.

ವಾಪಸ್ ಬರುವಾಗ ಅವರು ಹೆದ್ದಾರಿ ಬಿಟ್ಟು ಹಳೇ 31-ಡಬ್ಲ್ಯೂ ರಸ್ತೆ ಹಿಡಿದರು. ಮೊದಲ 500 ಮೈಲಿ ಎಂಜಿನ್ ಪಳಗಬೇಕು, ಜೋರಾಗಿ ತುಳಿಯಬಾರದು, ಒಂದೇ ವೇಗದಲ್ಲೂ ಬಹಳ ಹೊತ್ತು ಹೋಗಬಾರದು ಅಂತ ಕಾರಿನ ಪುಸ್ತಕ ಓದಿಕೊಂಡು ಬಂದಿದ್ದರು. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಬಗ್ಗಿ ನೋಡಿದೆ. ಪಕ್ಕದ ಸೀಟಿನಲ್ಲಿ ಅವರ ಕೈಚೀಲ ಬೆಲ್ಟ್ ಹಾಕಿಕೊಂಡು ಕೂತಿತ್ತು. ಚೀಲ ಭಾರ, ಬೆಲ್ಟ್ ಹಾಕದಿದ್ದರೆ ಕಾರು ಕೂಗಿಕೊಳ್ಳುತ್ತಂತೆ.

ರಾತ್ರಿ ಅಮ್ಮನಿಗೆ ವಿಡಿಯೊ ತೋರಿಸಿದೆ. ಕುಂಕುಮ ಇಡುವ ಭಾಗ ಬಂದಾಗ ಏನೂ ಹೇಳಲಿಲ್ಲ. ಕಾರಿನ ಒಳಗೆ ತೋರಿಸಿದಾಗ ಮಾತ್ರ “ಗೇರ್ ರಾಡೇ ಇಲ್ವಲ್ಲೇ!” ಅಂತ ಕಣ್ಣರಳಿಸಿದಳು. ಬಟನ್‌ಗಳಲ್ಲೇ ಗೇರ್ ಬೀಳುತ್ತೆ ಅಂದೆ. “ಘಾಟಿಲಿ ಇಳಿಸುವಾಗ ಏನ್ ಮಾಡ್ತಾರೆ?” ಸ್ಟೀರಿಂಗ್ ಹಿಂದಿನ ಪಟ್ಟಿ ಎಳೆದರೆ ಗೇರ್ ಇಳಿಯುತ್ತೆ ಅಂತ ತೋರಿಸಿದೆ. ಅದು ಪಾಸಾಯಿತು.

ಹಳೇ ಜೀಪು ಕೊಟ್ಟು ಹೊಸದು ತಗೊಳ್ಳೋ ಮಾತು ಮನೆಯಲ್ಲಿ ನಡೀತಿದೆ, ಆಯುಧಪೂಜೆ ಹೊತ್ತಿಗೆ ಬರಬಹುದು. ಈ ಸಲ ಕುಂಕುಮ ನೀನೇ ಇಡಮ್ಮ ಅಂದೆ. “ಸುಮ್ನೆ ಇರು. ಊರು ಬಿಟ್ಟು ಕೂತವರಿಗೆ ಎಲ್ಲಾ ಸಲೀಸು. ನಾಳೆ ಗಾಡಿ ಎಲ್ಲಾದ್ರೂ ಗುದ್ದಿದ್ರೆ ಬೀದಿಯೋರು ನನ್ನ ಮುಖ ನೋಡ್ತಾರೆ, ನಿನ್ನ ಮುಖ ಅಲ್ಲ” ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಣ್ಣನಿಗೆ ಮೆಸೇಜ್ ಹಾಕಿದೆ, “ನೋಡೋಣ” ಅಂತ ಬಂತು. ಅವನ ‘ನೋಡೋಣ’ ನಮಗೆ ಚಿಕ್ಕಂದಿನಿಂದ ಗೊತ್ತು.

ಅತ್ತಿಗೆ ಮಾತ್ರ ಅವತ್ತೇ ರಾತ್ರಿ ತಾನಾಗಿ ಫೋನ್ ಮಾಡಿದರು. “ಹಾಸನದಲ್ಲಿ ಆರತಿ ತಟ್ಟೆ ನನ್ನ ಕೈಗೆ ಕೊಟ್ಟಾಗ ನಂಗೂ ಸರಿ ಕಾಣಲಿಲ್ಲ ಕಣೇ, ಮೆಣಸು ಮಾರಿದ್ದು ಅತ್ತೆ ಅಲ್ವಾ. ಈ ಸಲ ತಟ್ಟೆ ಹಿಡಿಯೋಕೆ ನಾನು ಅಲ್ಲಿ ಇರಲ್ಲ ಬಿಡು, ಆ ಟೈಮಿಗೆ ಎಲ್ಲಾದ್ರೂ ಹೊರಗೆ ಹೋಗಿರ್ತೀನಿ.”