ಮಂಡಿನೋವಿನವರು ಮಾಯಾ ನಗರಗಳನ್ನು ನೋಡುವ ಬಗೆ: ಯುಕಟಾನ್‌ನಲ್ಲಿ ಒಂಬತ್ತು ದಿನ

ನನಗೆ 64 ವರ್ಷ. ಎರಡೂ ಮಂಡಿಗಳು ಸವೆದಿವೆ. ಬಲ ಮಂಡಿಯಂತೂ ಮೆಟ್ಟಿಲು ಇಳಿಯುವಾಗ ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ನಮ್ಮ ಯಜಮಾನರಿಗೆ 70 ದಾಟಿದೆ, ಹೃದಯದಲ್ಲಿ ಸ್ಟೆಂಟ್ ಇದೆ. ಡಲ್ಲಾಸ್‌ನಲ್ಲಿರುವ ಮಗಳು ಕಳೆದ ಜನವರಿಯಲ್ಲಿ, ಇಷ್ಟು ದೂರ ಬಂದಿದ್ದೀರಿ, ಮೆಕ್ಸಿಕೊಗೆ ಹೋಗಿ, ಅಲ್ಲಿನ ಯುಕಟಾನ್ ಪರ್ಯಾಯದ್ವೀಪದ ಮೂಲನಿವಾಸಿಗಳಾದ ಮಾಯಾ ಜನರ ಹಳೆಯ ನಗರಗಳನ್ನು ನೋಡಿಬರೋಣ ಎಂದಾಗ ನನ್ನ ಕಣ್ಣಿಗೆ ಕಟ್ಟಿದ್ದು ಚಿತ್ರಗಳಲ್ಲಿ ಕಂಡಿದ್ದ ಆ ಕಡಿದಾದ ಕಲ್ಲಿನ ಮೆಟ್ಟಿಲುಗಳೇ. ಶ್ರವಣಬೆಳಗೊಳದ ಬೆಟ್ಟವನ್ನು ಅರ್ಧಕ್ಕೇ ಬಿಟ್ಟು ಇಳಿದು ಬಂದವಳು ನಾನು; ಅಲ್ಲಿಗೆ ಹೋಗಿ ಮಾಡುವುದೇನು ಎಂದು ಎರಡು ದಿನ ಒಪ್ಪಲಿಲ್ಲ.

ಹೋಗಿ ಬಂದ ಮೇಲೆ ತಿಳಿದದ್ದು, ನಾನು ಹೆದರಬೇಕಾದದ್ದಕ್ಕೆ ಹೆದರಿರಲಿಲ್ಲ ಎಂಬುದು. ಆ ನಗರಗಳಲ್ಲಿ ಹೆಸರಾದ ಚಿಚೆನ್ ಇಟ್ಝಾದ ದೊಡ್ಡ ಪಿರಮಿಡ್ಡನ್ನು ಹತ್ತಲು ಯಾರಿಗೂ ಅವಕಾಶವಿಲ್ಲ. ಅನೇಕ ವರ್ಷಗಳಿಂದ ಹಗ್ಗ ಕಟ್ಟಿ ನಿಲ್ಲಿಸಿದ್ದಾರೆ. ಉಶ್ಮಲ್ ಎಂಬ ಇನ್ನೊಂದು ಮಾಯಾ ನಗರದ ಮಾಂತ್ರಿಕನ ಪಿರಮಿಡ್ಡಿಗೂ ಅದೇ ನಿಯಮ. ಇಪ್ಪತ್ತರ ಹುಡುಗನಿಗೂ ನನಗೂ ಅಲ್ಲಿ ಒಂದೇ ಜಾಗ, ಅದು ಕೆಳಗಿನ ನೆಲ. ಮಂಡಿ ಹುಷಾರಿಲ್ಲದವರನ್ನು ನಿಜವಾಗಿ ಸೋಲಿಸುವುದು ಬಿಸಿಲು, ಕೂರಲು ಜಾಗವಿಲ್ಲದ ಬಯಲು, ಬೇರು ಮತ್ತು ಸುಣ್ಣಕಲ್ಲುಗಳು ಎದ್ದು ನಿಂತ ಹಾದಿ, ಹಾಗೂ ನಮ್ಮ ಕಾಲಿನ ವೇಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಪ್ರವಾಸದ ವೇಳಾಪಟ್ಟಿ. ಈ ನಾಲ್ಕನ್ನು ಮೊದಲೇ ಯೋಚಿಸಿ ಹೊರಟರೆ ಉಳಿದದ್ದು ಕಷ್ಟವಿಲ್ಲ.

ವೇಳಾಪಟ್ಟಿಯ ಪಾಠವನ್ನು ನಾವು ದುಡ್ಡು ಕೊಟ್ಟು ಕಲಿತೆವು. ಹೆಚ್ಚಿನವರಂತೆ ಕಾಂಕುನ್ ಎಂಬ ಸಮುದ್ರತೀರದ ಊರಿಗೆ ಇಳಿದು, ಅಲ್ಲಿನ ಒಂದು ಪ್ರವಾಸ ಸಂಸ್ಥೆಯ ಬಸ್ಸಿನಲ್ಲಿ ಒಂದೇ ದಿನದಲ್ಲಿ ಚಿಚೆನ್ ಇಟ್ಝಾ ನೋಡಿ ಬರುವ ಟಿಕೆಟ್ ತೆಗೆದುಕೊಂಡಿದ್ದೆವು. ದೂರ ಸುಮಾರು 200 ಕಿ.ಮೀ., ನೇರ ಹೋದರೆ ಎರಡೂವರೆ ಗಂಟೆ. ಆದರೆ ಬಸ್ಸು ಹೋಟೆಲಿನಿಂದ ಹೋಟೆಲಿಗೆ ಸುತ್ತಿ ಜನರನ್ನು ಹತ್ತಿಸಿಕೊಂಡು, ನಡುವೆ ಒಂದು ಕರಕುಶಲ ಅಂಗಡಿಯ ಮುಂದೆ ನಿಂತು, ನಮ್ಮನ್ನು ಇಳಿಸುವ ಹೊತ್ತಿಗೆ ಸೂರ್ಯ ನೆತ್ತಿಯ ಮೇಲಿದ್ದ. ಮಾರ್ಗದರ್ಶಿ ಬಾವುಟ ಎತ್ತಿ ಹಿಡಿದು ಸರಸರನೆ ನಡೆದ. ನಾವಿಬ್ಬರು ಹಿಂದೆ ಬಿದ್ದೆವು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಯಜಮಾನರ ಮುಖ ಬಿಳುಪೇರಿದ್ದನ್ನು ಕಂಡು, ಮುಖ್ಯ ಪಿರಮಿಡ್ಡನ್ನು ದೂರದಿಂದ ಒಮ್ಮೆ ನೋಡಿ, ಪ್ರವೇಶದ್ವಾರದ ಬಳಿಯ ನೆರಳಿಗೆ ಮರಳಿ ಬಂದು ಕುಳಿತೆವು. ಆ ದಿನ ಲೆಕ್ಕಕ್ಕಿಲ್ಲ.

ಮಗಳು ಅಂದು ರಾತ್ರಿಯೇ ಯೋಜನೆ ಬದಲಿಸಿದಳು. ಕಾಂಕುನ್ ಬಿಟ್ಟು ವಯ್ಯಾದೊಲಿದ್ ಎಂಬ ಹಳೆಯ ಊರಿಗೆ ಹೋಗಿ ಉಳಿದೆವು. ಚಿಚೆನ್ ಇಟ್ಝಾ ಅಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಇದೇ ಪ್ರವಾಸಕ್ಕೆ ಹೊರಡುವವರಿಗೆ ನಾನು ಹೇಳುವ ಮೊದಲ ಮಾತು ಇದು: ಸಮುದ್ರತೀರದಲ್ಲಿ ಕೋಣೆ ಹಿಡಿದು ದಿನಕ್ಕೆ ಐದು ಗಂಟೆ ಬಸ್ಸಿನಲ್ಲಿ ಮಂಡಿ ಮಡಚಿ ಕೂರಬೇಡಿ, ವಯ್ಯಾದೊಲಿದ್‌ನಲ್ಲಿಯೋ ಮೆರಿದಾದಲ್ಲಿಯೋ ತಂಗಿರಿ, ದಿನಕ್ಕೆ ಒಂದೇ ಜಾಗ ನೋಡಿರಿ, ಎರಡು ಜಾಗಗಳ ನಡುವೆ ಒಂದು ದಿನ ಸುಮ್ಮನೆ ಬಿಡಿ. ಮಾಯಾ ರೈಲು ಎಂಬ ಹೊಸ ರೈಲು 2023ರ ಡಿಸೆಂಬರಿನಿಂದ ಓಡುತ್ತಿದೆ, ಚಿಚೆನ್ ಇಟ್ಝಾ ಹೆಸರಿನ ನಿಲ್ದಾಣವೂ ಇದೆ. ಆದರೂ ನಿಲ್ದಾಣದಿಂದ ನಗರದ ಅವಶೇಷಗಳಿಗೆ ಮತ್ತೊಂದು ವಾಹನ ಬೇಕೇ ಬೇಕು. ನಾವು ಅರ್ಧ ದಿನಕ್ಕೆ ಕಾರು ಗೊತ್ತು ಮಾಡಿಕೊಂಡೆವು. ಮೂವರಿಗೆ ಹಂಚಿದರೆ ಬಸ್ಸಿನ ಟಿಕೆಟ್ಟಿಗಿಂತ ಹೆಚ್ಚೇನೂ ಆಗಲಿಲ್ಲ.

ಗಡಿಯಾರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಾಂಕುನ್, ಹಾಗೂ ಕೊಬಾ, ತುಲುಂ ಎಂಬ ಮಾಯಾ ನಗರಗಳು ಇರುವುದು ಕಿಂತಾನಾ ರೋ ರಾಜ್ಯದಲ್ಲಿ. ಚಿಚೆನ್ ಇಟ್ಝಾ, ವಯ್ಯಾದೊಲಿದ್, ಉಶ್ಮಲ್ ಇರುವುದು ಯುಕಟಾನ್ ರಾಜ್ಯದಲ್ಲಿ. ಮೊದಲನೆಯದರ ಗಡಿಯಾರ ಎರಡನೆಯದಕ್ಕಿಂತ ಒಂದು ಗಂಟೆ ಮುಂದು. ಕಾಂಕುನ್‌ನಿಂದ ಹೊರಟವರಿಗೆ ಒಂದು ಗಂಟೆ ಲಾಭವಾದರೆ, ವಯ್ಯಾದೊಲಿದ್‌ನಿಂದ ಕೊಬಾಕ್ಕೆ ಹೋಗುವವರಿಗೆ ಅದೇ ಒಂದು ಗಂಟೆ ನಷ್ಟ. ಬೆಳಗಿನ ತಂಪಿನ ಪ್ರತಿ ನಿಮಿಷವನ್ನೂ ಎಣಿಸುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ.

ಎರಡನೆಯ ಸಲ ಚಿಚೆನ್ ಇಟ್ಝಾದ ಬಾಗಿಲು ತೆರೆಯುವ ಎಂಟು ಗಂಟೆಗೆ ಸರಿಯಾಗಿ ಸರದಿಯಲ್ಲಿದ್ದೆವು. ಇಲ್ಲಿ ಎರಡು ಟಿಕೆಟ್ ಕೊಳ್ಳಬೇಕು, ಒಂದು ರಾಜ್ಯದ್ದು, ಇನ್ನೊಂದು ಕೇಂದ್ರದ ಪುರಾತತ್ವ ಸಂಸ್ಥೆಯದು. ಮಗಳು ಸರದಿಯಲ್ಲಿ ನಿಂತಳು, ನಾವು ಕುಳಿತೆವು. ಜೊತೆಗೆ ಯುವಕರಿದ್ದರೆ ಈ ಕೆಲಸವನ್ನು ಸಂಕೋಚವಿಲ್ಲದೆ ಅವರಿಗೆ ವಹಿಸಿ. ಪೆಸೊ ನಗದು ಕೈಯಲ್ಲಿರಲಿ. ಶೌಚಾಲಯವನ್ನು ದ್ವಾರದ ಬಳಿಯೇ ಬಳಸಿ ಒಳಗೆ ಹೋಗುವುದು ಕ್ಷೇಮ.

ದ್ವಾರದಿಂದ ಸ್ವಲ್ಪ ದೂರ ಮರಗಳ ನಡುವೆ ನಡೆದರೆ ಬಯಲು ತೆರೆದುಕೊಳ್ಳುತ್ತದೆ, ನಡುವೆ ಕುಕುಲ್ಕಾನ್ ಎಂಬ ಗರಿಸರ್ಪ ದೇವರ ಪಿರಮಿಡ್. ಎತ್ತರ ಸುಮಾರು 30 ಮೀಟರ್; ನಾಲ್ಕು ದಿಕ್ಕಿಗೂ 91ರಂತೆ ಮೆಟ್ಟಿಲು, ಮೇಲಿನ ಒಂದನ್ನು ಸೇರಿಸಿದರೆ 365, ವರ್ಷದ ದಿನಗಳಷ್ಟು. ಉತ್ತರದ ಮೆಟ್ಟಿಲಸಾಲಿನ ಎದುರು ಸ್ವಲ್ಪ ದೂರ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಕಲ್ಲಿನಿಂದ ಮರಳಿ ಬರುವುದು ಚಪ್ಪಾಳೆಯ ಸದ್ದಲ್ಲ, ಹಕ್ಕಿಯೊಂದು ಎಳೆದು ಕೂಗಿದ ಹಾಗೆ ಒಂದು ‘ಚಿಯ್ಯೂ’. ಅದನ್ನು ಕ್ವೆಟ್ಜಾಲ್ ಹಕ್ಕಿಯ ಕೂಗಿಗೆ ಹೋಲಿಸುತ್ತಾರೆ. ಯಜಮಾನರು ಮಡಚುವ ಪೀಠದ ಮೇಲೆ ಕುಳಿತಲ್ಲಿಂದಲೇ ಹತ್ತು ಸಲ ತಟ್ಟಿರಬೇಕು. ಅವರ ಸುತ್ತ ಮಕ್ಕಳು ಸೇರಿದವು.

ಅಲ್ಲಿಂದ ಚೆಂಡಾಟದ ಅಂಗಳ ಹತ್ತಿರ, ನೆಲವೂ ಸಮತಟ್ಟು. 168 ಮೀಟರ್ ಉದ್ದದ ಆ ಅಂಗಳದ ಗೋಡೆಗಳಲ್ಲಿ ಎತ್ತರದಲ್ಲಿ ಕಲ್ಲಿನ ಬಳೆಗಳಿವೆ, ತಳದಲ್ಲಿ ಆಟಗಾರನೊಬ್ಬನ ತಲೆ ಕಡಿದು ಕತ್ತಿನಿಂದ ರಕ್ತ ಹಾವುಗಳಾಗಿ ಚಿಮ್ಮುವ ಕೆತ್ತನೆ ಇದೆ. ಇದನ್ನು ಬಿಡಬೇಡಿ. ಪವಿತ್ರ ಸೆನೋತೆಗೆ, ಅಂದರೆ ಸುಣ್ಣಕಲ್ಲಿನ ನೆಲ ಕುಸಿದು ಆದ ದೊಡ್ಡ ನೀರಿನ ಬಾವಿಗೆ, ಹೋಗುವ ಹಾದಿ ಹೋಗಿ ಬರಲು ಅರ್ಧ ಕಿಲೋಮೀಟರಿಗಿಂತ ಹೆಚ್ಚು, ಉದ್ದಕ್ಕೂ ಕಲ್ಲು. ನಾನು ಹೋಗಿ ಮಂಡಿಯನ್ನು ದಂಡಿಸಿಕೊಂಡೆ, ನೀರಿಗೆ ಇಳಿಯುವಂತಿಲ್ಲ, ಅಂಚಿನಿಂದ ನೋಡಿ ಬರುವುದಷ್ಟೇ. ಕಾಲಿನ ಶಕ್ತಿಯನ್ನು ಅಳೆದು ಖರ್ಚು ಮಾಡಬೇಕಾದವರು ಅದರ ಬದಲು ದಕ್ಷಿಣಕ್ಕಿರುವ ಎಲ್ ಕರಕೋಲ್ ಎಂಬ ದುಂಡನೆಯ ವೀಕ್ಷಣಾಲಯದ ಕಡೆ ಹೋಗುವುದು ಮೇಲು. ಹತ್ತೂವರೆಗೆ ಪ್ರವಾಸಿ ಬಸ್ಸುಗಳು ಬರತೊಡಗಿದವು, ನಾವು ಹೊರಟೆವು.

ಕೊಬಾದ ಬಗ್ಗೆ ಹೆಚ್ಚು ಬರೆಯಬೇಕು, ಏಕೆಂದರೆ ನಡೆಯಲಾಗದವರಿಗೆ ನಾನು ಕಂಡ ಅತ್ಯುತ್ತಮ ಜಾಗ ಅದೇ, ಆದರೂ ನಮ್ಮವರು ಅಲ್ಲಿಗೆ ಹೋಗುವುದು ಕಡಿಮೆ. ಅದು ಕಾಡಿನೊಳಗಿನ ನಗರ. ಕಟ್ಟಡಗಳು ದೂರದೂರ, ಆದರೆ ಹಾದಿಯ ಮೇಲೆ ಮರಗಳ ನೆರಳು ಕವಿದಿದೆ. ಒಳಗೆ ಮೊದಲ ಗುಂಪಿನ ಕಟ್ಟಡಗಳನ್ನು ದಾಟಿದ ಮೇಲೆ ಮೂರು ಚಕ್ರದ ಸೈಕಲ್ ಗಾಡಿಗಳು ನಿಂತಿರುತ್ತವೆ. ನಮ್ಮ ಸೈಕಲ್ ರಿಕ್ಷಾವನ್ನು ಹಿಂದುಮುಂದು ಮಾಡಿದ ಹಾಗೆ, ಸವಾರರು ಮುಂದೆ, ತುಳಿಯುವವನು ಹಿಂದೆ. ನೊಹೊಚ್ ಮುಲ್ ಎಂಬ 42 ಮೀಟರ್ ಎತ್ತರದ ಪಿರಮಿಡ್ಡಿನವರೆಗೆ ಕರೆದೊಯ್ದು, ಕಾದಿದ್ದು, ಮರಳಿ ತರುತ್ತಾರೆ.

ಗಾಡಿ ಹತ್ತಲು ನನಗೆ ನಾಚಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಯೋಚಿಸಿದೆ: ಈ ನಗರದಿಂದ ಯಶುನಾ ಎಂಬ ಊರಿಗೆ 100 ಕಿ.ಮೀ. ಉದ್ದದ ಬಿಳಿ ಸುಣ್ಣದ ರಸ್ತೆ ಹಾಕಿದ ಜನರಿಗೆ ಗಾಡಿಯೂ ಇರಲಿಲ್ಲ, ಎತ್ತು ಕುದುರೆಗಳೂ ಇರಲಿಲ್ಲ. ಜನರು ನಡೆದರು, ಅರಸರನ್ನು ಹೊತ್ತರು. ಅರಸರಿಗೆ ಆಗದ ನಾಚಿಕೆ ನನಗೇಕೆ? ನಮ್ಮ ಗಾಡಿಯವನು ಐವತ್ತರ ಆಸುಪಾಸಿನವನು, ಮನೆಮಾತು ಮಾಯಾ. ಬೇರು ಅಡ್ಡ ಬಂದಲ್ಲೆಲ್ಲ ಇಳಿದು, ಗಾಡಿಯ ಹಿಂಭಾಗವನ್ನು ಎರಡೂ ಕೈಯಲ್ಲಿ ಎತ್ತಿ, ನಮಗೆ ಕುಲುಕದಂತೆ ನಿಧಾನವಾಗಿ ದಾಟಿಸುತ್ತಿದ್ದ. ಮಗಳು ಮೊದಲೇ ಕಲಿತುಕೊಂಡಿದ್ದ ‘ದಿಯೋಸ್ ಬೊಒತಿಕ್’ ಎಂಬ ಧನ್ಯವಾದವನ್ನು ಹೇಳಿದಾಗ ತಿರುಗಿ ನೋಡಿ ನಕ್ಕ, ಮರಳುವಾಗ ದಾರಿ ಬದಿಯ ಒಂದು ಹಳೆಯ ಶಾಸನಕಲ್ಲಿನ ಮುಂದೆ ತಾನಾಗಿಯೇ ನಿಲ್ಲಿಸಿದ. ನೊಹೊಚ್ ಮುಲ್ ಏರಲು ಬಿಡುವ ನಿಯಮ ಈಚಿನ ವರ್ಷಗಳಲ್ಲಿ ಬದಲಾಗುತ್ತ ಬಂದಿದೆ. ಬಿಟ್ಟರೂ ಮಂಡಿನೋವಿನವರು ಏರಬಾರದೆಂಬುದು ನನ್ನ ಅಭಿಪ್ರಾಯ. ಇಂಥ ಕಡಿದಾದ ಮೆಟ್ಟಿಲಲ್ಲಿ ಹತ್ತುವುದು ಉಸಿರಿನ ಪರೀಕ್ಷೆಯಾದರೆ ಇಳಿಯುವುದು ಮಂಡಿಯ ಪರೀಕ್ಷೆ, ಮೇಲೆ ಹೋದ ಮೇಲೆ ಇಳಿಯಲು ಬೇರೆ ದಾರಿಯಿಲ್ಲ.

ಮೆರಿದಾದಿಂದ ಸುಮಾರು 80 ಕಿ.ಮೀ. ದೂರದ ಉಶ್ಮಲ್ ಚಿಚೆನ್ ಇಟ್ಝಾಗಿಂತ ಸುಂದರ, ಜನಸಂದಣಿಯೂ ಕಡಿಮೆ, ಆದರೆ ಏರಿಳಿತ ಹೆಚ್ಚು. ರಾಜ್ಯಪಾಲನ ಅರಮನೆ ಎಂದು ಕರೆಯುವ ಕಟ್ಟಡ ಎತ್ತರದ ಜಗಲಿಯ ಮೇಲಿದೆ. ಯಜಮಾನರನ್ನು ಕೆಳಗೆ ಬಿಟ್ಟು ನಾನು ಕೋಲೂರಿ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಸೇರಿಸಿ ಹತ್ತಿದೆ, ಇಳಿಯುವಾಗ ಅಡ್ಡಡ್ಡ ತಿರುಗಿ ಇಳಿದೆ. ಸನ್ಯಾಸಿನಿಯರ ಮಠ ಎಂಬ ಹೆಸರಿನ ನಾಲ್ಕು ಕಟ್ಟಡಗಳ ಅಂಗಳದಲ್ಲಿ ಕುಳಿತೇ ಒಂದು ಗಂಟೆ ಕಳೆಯಬಹುದು. ಗೋಡೆಗಳ ತುಂಬ ಮಳೆದೇವರು ಚಾಕ್‌ನ ಮುಖಗಳು, ಆನೆಯ ಸೊಂಡಿಲಿನಂತೆ ಸುರುಳಿಯಾದ ಮೂಗು. ನದಿಯೇ ಇಲ್ಲದ ಆ ಸೀಮೆಯಲ್ಲಿ ಮಳೆಯನ್ನು ನೆಲದಡಿಯ ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕಿದವರಿಗೆ ಆ ದೇವರು ಎಷ್ಟು ಮುಖ್ಯ ಎಂಬುದು ಮುಖಗಳನ್ನು ಎಣಿಸಿದರೇ ಗೊತ್ತಾಗುತ್ತದೆ. ಬಂಡೆಗಳ ಮೇಲೆ ಇಗುವಾನಾಗಳು ನಮ್ಮಂತೆಯೇ ಅಲುಗಾಡದೆ ಕುಳಿತಿದ್ದವು.

ತುಲುಂ ಬಗ್ಗೆ ಒಂದು ಎಚ್ಚರಿಕೆ ಸಾಕು: ಚಿಕ್ಕ ಜಾಗವೆಂದು ನಂಬಿ ಹೋಗಬೇಡಿ, ವಾಹನ ನಿಲ್ಲಿಸುವ ಜಾಗದಿಂದ ದ್ವಾರದವರೆಗಿನ ನಡಿಗೆಯೇ ಬಹಳ, ಒಳಗೆ ನೆರಳು ಇಲ್ಲವೇ ಇಲ್ಲ.

ಹೋಗುವ ಕಾಲ ನವೆಂಬರಿನಿಂದ ಫೆಬ್ರುವರಿ. ಏಪ್ರಿಲ್ ಮೇ ತಿಂಗಳ ಬಿಸಿಲು ನಮ್ಮ ರಾಯಚೂರಿನದಕ್ಕೆ ಸಮ, ಮೇಲೆ ಸಮುದ್ರದ ಸೆಕೆ. ಮಾರ್ಚ್ 20ರ ಸುಮಾರಿಗೆ, ಹಗಲಿರುಳು ಸಮನಾಗುವ ದಿನಗಳಲ್ಲಿ, ಕುಕುಲ್ಕಾನ್ ಪಿರಮಿಡ್ಡಿನ ಮೇಲೆ ಹಾವಿನ ನೆರಳು ಇಳಿಯುವುದನ್ನು ನೋಡಲು ಜನಸಾಗರ ಸೇರುತ್ತದೆ. ನಿಲ್ಲಲಾಗದವರು ಆ ವಾರವನ್ನೇ ಬಿಡಿ. ಭಾರತದ ಪಾಸ್‌ಪೋರ್ಟಿನವರಿಗೆ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೊಗೆ ಬೇರೆ ವೀಸಾ ಬೇಕಾಗಲಿಲ್ಲ, ಹೊರಡುವ ಮುನ್ನ ಮತ್ತೊಮ್ಮೆ ನೋಡಿಕೊಳ್ಳಿ. ವಿಮಾನದ ಟಿಕೆಟ್ ತೆಗೆಯುವಾಗಲೇ ಗಾಲಿಕುರ್ಚಿ ಕೇಳಿ. ತುದಿಗೆ ರಬ್ಬರ್ ಇರುವ ಕೋಲು, ಮಂಡಿಪಟ್ಟಿ, ಅಗಲ ಅಂಚಿನ ಟೋಪಿ, ಓಆರ್‌ಎಸ್ ಪೊಟ್ಟಣ, ಮಡಚುವ ಪೀಠ ನಮ್ಮ ಕೈಬಿಡದ ಐದು ವಸ್ತುಗಳು. ಸಸ್ಯಾಹಾರಿಗಳು ಹುರುಳಿಕಾಯಿ ಬೀಜದಂಥ ಕಪ್ಪು ಕಾಳಿನ ಪಲ್ಯವನ್ನು ತಿನ್ನುವ ಮುನ್ನ ‘ಸಿನ್ ಮಾಂತೆಕಾ’ ಎಂದು ಹೇಳಬೇಕು, ಹಂದಿಯ ಕೊಬ್ಬು ಹಾಕುವ ರೂಢಿ ಅಲ್ಲಿದೆ. ಮೆಕ್ಕೆಜೋಳದ ಬಿಸಿ ತೋರ್ತಿಯಾ ಇದ್ದರೆ ನಮಗೆ ರೊಟ್ಟಿ ಸಿಕ್ಕ ಹಾಗೆಯೇ ಆಯಿತು.

ಮಗಳಿಗೆ ಚಿಯಾಪಾಸ್ ರಾಜ್ಯದಲ್ಲಿರುವ ಪಲೆಂಕೆ ಎಂಬ ಮಾಯಾ ನಗರಕ್ಕೂ ಹೋಗುವ ಆಸೆಯಿತ್ತು. ಅದು ಬೆಟ್ಟದ ಕಾಡು, ಎಲ್ಲವೂ ಮೆಟ್ಟಿಲು; ನಾವು ಬೇಡವೆಂದೆವು. 1952ರಲ್ಲಿ ಅಲ್ಲಿನ ಪಿರಮಿಡ್ಡಿನೊಳಗೆ ಸಿಕ್ಕ ಪಕಾಲ್ ಅರಸನ ಸಮಾಧಿಯ ಪ್ರತಿರೂಪವೂ ಅವನ ಜೇಡ್ ಎಂಬ ಹಸಿರು ಕಲ್ಲಿನ ಮುಖವಾಡವೂ ಮೆಕ್ಸಿಕೊ ನಗರದ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿವೆ, ಅದನ್ನಾದರೂ ಮುಂದಿನ ಸಲ ನೋಡಬೇಕೆಂದಿದ್ದೇವೆ. ಆದರೆ ಆ ನಗರ 2,240 ಮೀಟರ್ ಎತ್ತರದಲ್ಲಿದೆ, ಯಜಮಾನರ ಹೃದಯದ ವೈದ್ಯರು ಇನ್ನೂ ಹೂಂ ಎಂದಿಲ್ಲ.