ಒನಕೆಯ ದುಡಿಮೆಯಲ್ಲಿ ಎದ್ದ ಮನೆ

12 ನವೆಂಬರ್ 2023, ಭಾನುವಾರ

ಅಮೆರಿಕದ ಸೌತ್ ಕೆರೊಲಿನಾ, ಚಾರ್ಲ್ಸ್‌ಟನ್ ಊರು, ಕ್ಯಾಲ್ಹೂನ್ ಬೀದಿಯ 286ನೇ ಮನೆ. ಎತ್ತರದ ಇಟ್ಟಿಗೆ ತಳಪಾಯದ ಮೇಲೆ ಮರದ ಮೂರು ಅಂತಸ್ತು. 19ನೇ ಶತಮಾನದ ಮೊದಲ ದಶಕದಲ್ಲಿ ಇದನ್ನು ಕಟ್ಟಿಸಿದವನು ಅಕ್ಕಿ ಗಿರಣಿಯ ಜೊನಾಥನ್ ಲ್ಯೂಕಸ್ ಜೂನಿಯರ್. ಮನೆಗೆ ದುಡ್ಡು ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಗಿರಣಿಯನ್ನೇ ನೋಡಬೇಕು.

ಇವನ ಅಪ್ಪನ ಹೆಸರೂ ಜೊನಾಥನ್. ಇಂಗ್ಲೆಂಡಿನಿಂದ ಬಂದ ಆತ 1787ರಲ್ಲಿ ಸ್ಯಾಂಟೀ ನದಿ ಬದಿಯಲ್ಲಿ ನೀರಿನಿಂದ ನಡೆಯುವ ಗಿರಣಿ ಹೂಡಿದ. ಅದಕ್ಕೂ ಮುಂಚೆ ಭತ್ತ ಕುಟ್ಟುತ್ತಿದ್ದವರು ಆಫ್ರಿಕಾದಿಂದ ತಂದ ಗುಲಾಮರು. ಮರದ ಒರಳು, ಮರದ ಒನಕೆ, ನಮ್ಮಲ್ಲಿದ್ದ ಹಾಗೆಯೇ.

ಗಿರಣಿಯ ಕ್ರಮ ಹೀಗೆ. ಭತ್ತವನ್ನು ಜರಡಿ ಹಿಡಿದು ಬೀಸುಕಲ್ಲಿಗೆ ಬಿಡಬೇಕು. ಎರಡು ಕಲ್ಲುಗಳ ನಡುವಿನ ಸಂದು ಕಾಳಿನ ಉದ್ದಕ್ಕಿಂತ ತುಸು ಕಡಿಮೆ; ಕಾಳು ಎದ್ದು ನಿಂತು ಸಿಪ್ಪೆ ಸೀಳುತ್ತದೆ. ಸಂದು ಬಿಗಿಯಾದರೆ ನುಚ್ಚು, ಸಡಿಲವಾದರೆ ಭತ್ತ ಹಾಗೇ ಉಳಿಯುತ್ತದೆ. ಆಮೇಲೆ ಬೀಸಣಿಗೆ ಹೊಟ್ಟನ್ನು ಹಾರಿಸುತ್ತದೆ. ಮುಂದೆ ಒರಳಿನ ಸಾಲು: ಅಡ್ಡ ಮಲಗಿದ ದಿಂಡು ತಿರುಗುವಾಗ ಅದಕ್ಕೆ ಹೊಡೆದ ಗೂಟಗಳು ಒನಕೆಗಳನ್ನು ಎತ್ತಿ ಎತ್ತಿ ಬಿಡುತ್ತವೆ, ತೌಡು ಬಿಡುತ್ತದೆ. ಇಲ್ಲಿ ಕೈ ಹಾಕಿ ನೋಡುತ್ತಲೇ ಇರಬೇಕು, ಹೊತ್ತು ಮೀರಿದರೆ ಕಾಳು ಒಡೆಯುತ್ತದೆ. ಹಸಿ ಭತ್ತದ ತೌಡು ಅಂಟಿ ಉಂಡೆ ಕಟ್ಟುತ್ತದೆ. ಅತಿಯಾಗಿ ಒಣಗಿದ್ದರೆ ಕಾಳಿನೊಳಗೆ ಮೊದಲೇ ಬಿರುಕು ಬಿದ್ದಿರುತ್ತದೆ. ಕೊನೆಗೆ ಜರಡಿಯಲ್ಲಿ ಇಡೀ ಅಕ್ಕಿ, ನಡು ನುಚ್ಚು, ಸಣ್ಣ ನುಚ್ಚು ಬೇರೆ ಬೇರೆ.

ಸಮುದ್ರ ಹತ್ತಿರವಿದ್ದ ಕಡೆ ಉಬ್ಬರದ ನೀರನ್ನು ಕೆರೆಗೆ ತುಂಬಿಸಿ ತೂಬು ಮುಚ್ಚಿ, ಇಳಿತದಲ್ಲಿ ಚಕ್ರಕ್ಕೆ ಬಿಡುತ್ತಿದ್ದರು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುವುದರಿಂದ ಕೆಲಸದ ಹೊತ್ತೂ ದಿನಾ ಜರುಗುತ್ತಿತ್ತು. ಮಗ 1808ರಲ್ಲಿ ಅಕ್ಕಿ ಶುದ್ಧಿ ಯಂತ್ರಕ್ಕೆ ಪೇಟೆಂಟ್ ಪಡೆದು, ಮುಂದೆ ಇಂಗ್ಲೆಂಡಿಗೇ ಹೋಗಿ ಗಿರಣಿ ಹಾಕಿದ. ಸಿಪ್ಪೆ ಇರುವ ಭತ್ತ ಹಡಗಿನಲ್ಲಿ ಬೇಗ ಕೆಡುವುದಿಲ್ಲ. ಅಲ್ಲೇ ಕುಟ್ಟಿದರೆ ತಾಜಾ ಅಕ್ಕಿ.

ಮತ್ತೆ ಮನೆಗೆ ಬರೋಣ. ಇಂಥ ಹಳೆಯ ಮನೆಗಳ ದುರಸ್ತಿಯಲ್ಲಿ ಮೊದಲು ನೋಡಬೇಕಾದ್ದು ತಳದ ಇಟ್ಟಿಗೆ. ಚಾರ್ಲ್ಸ್‌ಟನ್‌ನ ಹಳೇ ಇಟ್ಟಿಗೆ ಮೆತ್ತಗಿನದು, ಗಾರೆ ಸುಣ್ಣದ್ದು. ಸಂದಿಗೆ ಸಿಮೆಂಟ್ ತುಂಬಿದರೆ ಒಳಗಿನ ತೇವಕ್ಕೆ ದಾರಿ ಇಟ್ಟಿಗೆಯೊಂದೇ. ಅಲ್ಲಿ ಉಪ್ಪು ಹರಳುಗಟ್ಟಿ ಮೈ ಪುಡಿಯಾಗಿ ಉದುರುತ್ತದೆ. ತೇವ ಮೇಲೇರಿ ಅಡಿ ತೊಲೆಗೆ ತಾಗಿದರೆ ಗೆದ್ದಲು. ಹಾಗಾಗಿ ಸಿಮೆಂಟನ್ನು ಉಳಿಯಿಂದ ಕೈಯಲ್ಲೇ ಬಿಡಿಸಬೇಕು, ಗ್ರೈಂಡರ್ ಬೇಡ, ಇಟ್ಟಿಗೆಯ ಅಂಚು ಹೋಗುತ್ತದೆ. ಸಂದಿಗೆ ನೀರು ಚಿಮುಕಿಸಿ ಸುಣ್ಣದ ಗಾರೆ ಒತ್ತಿ, ಒಂದು ವಾರವಾದರೂ ಒದ್ದೆ ಗೋಣಿ ಹೊದಿಸಿಡಬೇಕು.